ಹತ್ತನೇ ವಾರದ ಮದ್ದು

ಗಂಡ ಕೈಬಿಟ್ಟಾನೆಂಬ ಭಯದಲ್ಲೇ ಸೊರಗುವ ಹೆಂಗಸರಿಗೆ ಊರಿನ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಮದ್ದು ಕೊಡುತ್ತಿದ್ದರು. ಗಂಡನ ದನಿ ಕಲಿತ ಯಂತ್ರವೊಂದು ಪರದೆಯ ಹಿಂದಿನಿಂದ "ನೀನು ನಂಗೆ ಬೇಡ" ಎನ್ನುತ್ತಿತ್ತು. ಕೇಳಿ ಕೇಳಿ ಎದೆ ಗಟ್ಟಿಯಾಗಬೇಕು, ಅಷ್ಟೇ. ಮೊದಲ ವಾರ ಸರ್ವಮಂಗಳ ಕುರ್ಚಿಯಲ್ಲೇ ವಾಂತಿ ಮಾಡಿಕೊಂಡಿದ್ದಳು. ಮನೆಯಲ್ಲಿ ಗಂಡ ಮಲ್ಲೇಶ ಕಾಫಿ ಮಾಡಿಕೊಟ್ಟು, "ಅದು ಬರೀ ಮಿಷನ್ ಕಣೇ" ಎಂದು ಬೆನ್ನು ಸವರಿದ್ದ.

ಇಂದು ಹತ್ತನೇ ವಾರ. ದನಿ ಅದೇ ಮಾತನ್ನು ಮೂರು ಸಲ ಹೇಳಿ, ಕೊನೆಗೊಮ್ಮೆ ಕೆಮ್ಮಿತು. ಗಾಬರಿಯಾದರೆ ಕೆಂಪಗಾಗುವ ದೀಪವೊಂದನ್ನು ಅವಳ ಮಣಿಕಟ್ಟಿಗೆ ಕಟ್ಟಿದ್ದರು. ಅದು ಹಸಿರಾಗಿಯೇ ಇತ್ತು.

"ಬೀಡಿ ಕೆಮ್ಮನ್ನೂ ಕಲಿಸಿಬಿಟ್ಟಿದ್ದೀರಲ್ಲ ಡಾಕ್ಟ್ರೇ! ಥೇಟ್ ನಮ್ಮೋರೇ" ಎಂದು ಸರ್ವಮಂಗಳ ನಕ್ಕಳು.

ಡಾಕ್ಟರಮ್ಮ ಬರೆಯುತ್ತಲೇ ಹೇಳಿದರು: "ಮಿಷನ್ ಕೆಟ್ಟು ತಿಂಗಳಾಯ್ತಮ್ಮ. ನಿಮ್ಮ ಯಜಮಾನ್ರೇ ಬಂದು ಹೇಳ್ತಿದ್ದಾರೆ. ನಾವು ಕರೀಲಿಲ್ಲ, ಅವರೇ ಕೇಳ್ಕೊಂಡ್ರು. ಎದುರಿಗೆ ನಿಂತು ಹೇಳೋಕೆ ಧೈರ್ಯ ಇಲ್ವಂತೆ."

ಪರದೆಯಾಚೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು. ಸರ್ವಮಂಗಳ ಮಣಿಕಟ್ಟು ನೋಡಿಕೊಂಡಳು. ಎದೆಯನ್ನು ಒತ್ತಿ ನೋಡಿಕೊಂಡಳು. ದೀಪ ಆಗಲೂ ಹಸಿರಾಗಿಯೇ ಇತ್ತು.

"ನೋಡಿ, ಪೂರ್ತಿ ವಾಸಿಯಾಗಿದೆ" ಎಂದು ಡಾಕ್ಟರಮ್ಮ ಚೀಟಿಗೆ ಮುದ್ರೆ ಒತ್ತಿದರು. "ಇನ್ನು ನೀವು ಬರೋದು ಬೇಡ."