ಕಣಜ ಕಚ್ಚಿದ ಕೆನ್ನೆ

ಫ್ರಾನ್ಸಿನ ಆರ್ಲ್ ಊರಿನ ರೋಮನ್ ಅಖಾಡದೊಳಗೆ ಮಗಳ ಕೈ ಬಿಟ್ಟವನು ಗಾಯೆತಾನನೇ. ಗೆಳೆಯನ ಫೋನ್ ಬಂದಿತ್ತು. ಕಮಾನಿನ ಪಕ್ಕಕ್ಕೆ ಸರಿದು, ನಿನ್ನೆಯ ಫುಟ್‌ಬಾಲ್ ಆಟದ ಬಗ್ಗೆ ಹರಟಿ, ನಗುನಗುತ್ತಾ ತಿರುಗಿದರೆ ಓರಿಯಾನ್ ಇಲ್ಲ. ಆರು ವರ್ಷದ ಹುಡುಗಿ.

ಅಖಾಡವನ್ನು ಸುತ್ತುವರಿದ ಕಲ್ಲಿನ ಓಣಿಯಲ್ಲಿ ಅವಳ ಹೆಸರು ಕೂಗುತ್ತಾ ಓಡಿದ. ಗುಂಡಗಿನ ಓಣಿ, ಎತ್ತ ನೋಡಿದರೂ ಒಂದೇ ಥರದ ಕಮಾನುಗಳು. ಸುತ್ತಿ ಬಂದರೆ ಹೊರಟ ಜಾಗದಲ್ಲೇ ನಿಂತಿದ್ದ. ಮತ್ತೆ ಓಡಿದ. ಹಳದಿ ಟೋಪಿಯ ಮಗುವನ್ನು ನೋಡಿದಿರಾ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ. ಮೆಟ್ಟಿಲು ಸಾಲಿನ ತುದಿಯಿಂದ ಕೆಳಗೆ ಬಗ್ಗಿ ನೋಡಿದ. ಹೊರಗೆ, ಮರದ ನೆರಳಿನ ಕೆಫೆಯಲ್ಲಿ, ಹೆಂಡತಿ ಮಗಾಲಿ ಕಾಯುತ್ತಿದ್ದಳು. "ಜನ ಜಾಸ್ತಿ ಇದಾರೆ, ಕೈ ಬಿಡಬೇಡ ಮಾರಾಯಾ" ಎಂದು ಹೇಳಿಯೇ ಕಳಿಸಿದ್ದಳು. ಈಗ ಅವಳಿಗೆ ಮುಖ ತೋರಿಸುವುದು ಹೇಗೆ?

ತೂರಾಡುತ್ತಾ ಹೊರಗೆ ಬಂದರೆ ಓರಿಯಾನ್ ಅದೇ ಕೆಫೆಯಲ್ಲಿ ಕಾಲಾಡಿಸುತ್ತ ಕೂತು ಪುದೀನ ಶರಬತ್ತು ಕುಡಿಯುತ್ತಿದ್ದಳು. ಪಕ್ಕದ ಮೇಜಿನ ಮುದುಕನಿಗೆ ಮಗುವನ್ನು ನೋಡಿಕೊಳ್ಳಲು ಹೇಳಿ ಮಗಾಲಿ ಕೈ ತೊಳೆಯಲು ಒಳಗೆ ಹೋಗಿದ್ದಳು.

"ಅಪ್ಪಾ, ನೀನು ಕಳೆದುಹೋಗಿದ್ದೆ!" ಹುಡುಗಿ ಖುಷಿಯಿಂದ ಕೂಗಿದಳು. "ನಾನು ನಿನ್ನ ಹಿಂದೇನೇ ಓಡ್ದೆ. ನೀನು ನಿಲ್ಲಲೇ ಇಲ್ಲ."

ಅವನ ಕೈ ಬೀಸಿತು. ಏಟಿನ ಸದ್ದಿಗೆ ಸುತ್ತಲಿನ ಮೇಜುಗಳ ಮಾತು ಗಪ್ಪೆಂದು ನಿಂತಿತು. "ಕೈ ಬಿಡಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಓರಿಯಾನ್ ಅಳಲಿಲ್ಲ. ಬಿಟ್ಟವನು ನೀನೇ ಎಂದೂ ಅನ್ನಲಿಲ್ಲ. ತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತ ಕೂತಳು.

"ಮಗು ಸ್ವಾಮಿ ಅದು," ಎಂದ ಮುದುಕ, ತಗ್ಗಿದ ದನಿಯಲ್ಲಿ.

ಗಾಯೆತಾನ್ ಕುರ್ಚಿ ಎಳೆದು ಕುಸಿದ. ಮಕ್ಕಳ ಮೇಲೆ ಕೈ ಮಾಡುವವರನ್ನು ಕಂಡರೆ ಛೀ ಅನ್ನುತ್ತಿದ್ದವನು. ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ತುರುಕಿದ.

ಅಷ್ಟರಲ್ಲಿ ಮಗಾಲಿ ಬಂದಳು. "ಬಂದ್ಯಾ? ಇವಳು ನೋಡಿದ್ರೆ, ಅಪ್ಪನ್ನ ಹುಡುಕಿಕೊಡು ಅಂತ ಅಳ್ತಾ ಬಂದ್ಲು. ದಾರಿ ಗೊತ್ತಿರೋನು, ಬರ್ತಾನೆ ಬಿಡೇ ಅಂದೆ..." ಮಾತು ಅಲ್ಲಿಗೇ ತುಂಡಾಯಿತು. "ಇದೇನೇ ಕೆನ್ನೆ ಇಷ್ಟು ಕೆಂಪಗೆ?"

ಓರಿಯಾನ್ ಅಪ್ಪನ ಮುಖ ನೋಡಿದಳು. ಮುದುಕನ ಮುಖವನ್ನೂ ನೋಡಿದಳು.

"ಕಣಜ ಕಚ್ತು," ಎಂದಳು. "ದೊಡ್ಡದು. ಅಪ್ಪ ಓಡಿಸಿದ."

"ಈ ಶರಬತ್ತಿಗೇ ಮುತ್ತಿಕೊಳ್ತವೆ, ದರಿದ್ರದವು." ಮಗಾಲಿ ಕೆಫೆಯ ಹುಡುಗಿಯನ್ನು ಕರೆದು ಒಂದಿಷ್ಟು ವಿನಿಗರ್, ಹತ್ತಿ ತರಲು ಹೇಳಿದಳು.

ಗಾಯೆತಾನ್ ಹೆಂಡತಿಯ ಕಡೆ ಬಗ್ಗಿದ. "ಮಗಾಲಿ, ಅದು ಕಣಜ ಅಲ್ಲ."

"ಮತ್ತೆ?"

"ಜೇನುಹುಳ!" ಓರಿಯಾನ್ ಥಟ್ಟನೆ ಬಾಯಿ ಹಾಕಿದಳು. "ನಾನೇ ತಪ್ಪು ಹೇಳ್ದೆ. ಅಲ್ವಾ ಅಪ್ಪಾ?" ಮೇಜಿನಡಿಯಲ್ಲಿ ಅವಳ ಪುಟ್ಟ ಬೂಟು ಅವನ ಮೊಣಕಾಲನ್ನು ಒತ್ತಿತು.

ಅವನು ಬಾಯಿ ತೆರೆದ. ಹೆಂಡತಿಯ ಕಣ್ಣು ಅವನ ಮೇಲೇ ಇತ್ತು.

"ಹೂಂ," ಎಂದ.

ಮುದುಕ ಪೇಪರು ಮಡಚಿ, ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡ.

ವಿನಿಗರ್ ಬಂತು. ಮಗಾಲಿ ಹತ್ತಿಯನ್ನು ಅದ್ದಿ ಹಿಂಡಿ ಗಂಡನ ಮುಂದೆ ಹಿಡಿದಳು. "ನೀನೇ ಒತ್ತು. ನಾನು ಮುಟ್ಟಿದ್ರೆ ಊರು ಒಂದು ಮಾಡ್ತಾಳೆ. ನಿನ್ನ ಕೈ ಹಗುರ."

ಅವನು ಜೇಬಿನಿಂದ ಕೈ ತೆಗೆದ. ಓರಿಯಾನ್ ತಾನಾಗಿಯೇ ಕೆನ್ನೆ ಒಡ್ಡಿದಳು, ಅಮ್ಮನ ಕಡೆ ನೋಡಿ ಒಂದಿಷ್ಟು ನಕ್ಕಳು ಕೂಡ. ಆದರೆ ಆ ಕೈ ಹತ್ತಿರ ಬರುತ್ತಿದ್ದಂತೆ ಅವಳ ಭುಜಗಳೆರಡೂ ಕಿವಿಯವರೆಗೆ ಏರಿದವು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು.