ಮೂರನೆಯ ಕೋಣೆಯ ಕಲ್ಲು

ಮ್ಯೂಸಿಯಮ್ಮಿನ ಮೂರನೆಯ ಕೋಣೆಯ ಬಾಗಿಲಲ್ಲೇ ರಘುರಾಮನ ಕಾಲುಗಳು ನಿಂತುಬಿಟ್ಟವು. ಒಳಗೆ, ಕಿಟಕಿಯ ಪಕ್ಕ, ಮರದ ಮಣೆಯ ಮೇಲೆ ಒಂದು ರುಬ್ಬುವ ಕಲ್ಲು. ಅಂಚಿನಲ್ಲಿ ಮುಕ್ಕಾದ ಜಾಗ. ಚಿಕ್ಕವನಿದ್ದಾಗ ಅಲ್ಲಿ ಸುತ್ತಿಗೆಯಿಂದ ಕುಟ್ಟಿ ಅಮ್ಮನ ಕೈಯಲ್ಲಿ ಪೆಟ್ಟು ತಿಂದವನು ಅವನೇ. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅವನ ಬೆನ್ನ ಹಿಂದೆಯೇ ಅಮ್ಮ ಬರುತ್ತಿದ್ದಳು, ಮೊಮ್ಮಕ್ಕಳಿಬ್ಬರ ಕೈ ಹಿಡಿದು. ಮಕ್ಕಳಿಗೆ ಹಳೆಯ ಕಾಲದ ವಸ್ತು ತೋರಿಸು ಎಂದು ಹಠ ಹಿಡಿದು, ಹೋಟೆಲಿನ ಗಲ್ಲಾದಿಂದ ಅವನನ್ನು ಎಬ್ಬಿಸಿಕೊಂಡು ಬಂದವಳೇ ಅವಳು.

ಉಡುಪಿಯಿಂದ ಅಹಮದಾಬಾದಿಗೆ ಬರುವಾಗ ಅಮ್ಮ ಯಶೋದಮ್ಮ ಯಾರ ಮಾತೂ ಕೇಳದೆ ಹೊರಿಸಿಕೊಂಡು ಬಂದ ಕಲ್ಲು ಅದು. ಗಂಡ ಸತ್ತ ಮೇಲೆ ಅದರ ಮುಂದೆ ಕೂತು ಇಡ್ಲಿಗೆ ರುಬ್ಬಿ ರುಬ್ಬಿಯೇ ಹೋಟೆಲು ಕಟ್ಟಿದಳು, ಮಗನನ್ನು ಸಾಕಿದಳು. ಹೋದ ವರ್ಷ ಕರೆಂಟಿನ ಮಿಷನ್ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಹೋಟೆಲಿನ ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ರಘುರಾಮ ಕಲ್ಲನ್ನು ಕೈಗಾಡಿಗೆ ಹಾಕಿಸಿ ಸಾಬರಮತಿಗೆ ಉರುಳಿಸಿದ. ಅಮ್ಮನಿಗೆ ಮಾತ್ರ ದೇವಸ್ಥಾನದ ಅಡುಗೆಮನೆಗೆ ಕೊಟ್ಟೆನೆಂದ. ಅವಳು ಒಳ್ಳೆಯದಾಯಿತು ಎಂದಳು, ಅಷ್ಟೆ. ಬೇಸಿಗೆ ಕಳೆದ ಮೇಲೆ ಗುರುವಾರ ಗುರುವಾರ ಪೂಜೆಯ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೋಗಿಬರತೊಡಗಿದಳು. ಕಲ್ಲು ಕಂಡಿತೇ ಎಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನದಿ ಒಣಗಿದಾಗ ಯಾರೋ ಎತ್ತಿ ತಂದಿಟ್ಟಿರಬೇಕು. ಮೇಲೆ ಕುಂಕುಮದ ಬೊಟ್ಟು ಬೇರೆ. ಈ ಊರಿನವರಿಗೆ ನಮ್ಮ ರುಬ್ಬುವ ಕಲ್ಲು ಏನು ಗೊತ್ತು, ಯಾವುದೋ ದೇವರೆಂದುಕೊಂಡಿದ್ದಾರೆ. ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ.

“ಸಾಕು ಅಮ್ಮಾ, ನಿಂಗೆ ಕಾಲುನೋವು. ಹೊರಗೆ ಕೂತುಕೋ.”

“ಇಷ್ಟು ದೂರ ಬಂದು ಇದೊಂದು ಬಿಡುವುದು ಎಂತಕ್ಕೆ? ನೋಡಿಯೇ ಹೋಗುವ.”

ಮಗಳು ಜಯಂತಿ ಆಗಲೇ ಒಳಗೆ ಓಡಿದ್ದಳು. ಹೋಟೆಲಿನ ಅಡುಗೆಮನೆಗೆ ಎಂದೂ ಕಾಲಿಡದ ಹುಡುಗಿ. ಇದು ಎಂತದಪ್ಪ ಎಂದು ಕೇಳಿದಳು. ಅಮ್ಮ ಕಲ್ಲನ್ನು ನೋಡಲಿಲ್ಲ, ಮಗನ ಮುಖ ನೋಡುತ್ತಿದ್ದಳು.

“ಯಾರಿಗೆ ಗೊತ್ತು ಮಗಾ. ಯಾವುದೋ ಹಳೇ ಕಲ್ಲು,” ಎಂದ ರಘುರಾಮ.

ಹೇಳಿದ್ದೇ ತಡ, ಬಾಯಿ ಕಹಿಯಾಯಿತು. ಈ ಮೈ ಬೆಳೆದದ್ದೇ ಆ ಕಲ್ಲಿನಿಂದ. ಉಂಡ ಮನೆಯ ಜಂತೆ ಎಣಿಸಿದವನೂ ಇಷ್ಟು ಕೆಟ್ಟವನಲ್ಲ ಎನ್ನಿಸಿತು. ಏನಾದರಾಗಲಿ, ನಿಜ ಹೇಳಿ ಅಮ್ಮನ ಕಾಲು ಹಿಡಿದುಬಿಡೋಣವೆಂದು ಅವನು ಅವಳತ್ತ ತಿರುಗಿದ.

ಅಷ್ಟರಲ್ಲಿ ಬಾಗಿಲ ಕಾವಲುಗಾರ ಹತ್ತಿರ ಬಂದು, ಅಮ್ಮನಿಗೆ ಕೈಮುಗಿದು, ಗುಜರಾತಿಯಲ್ಲಿ ಕೇಳಿದ.

“ಯಶೋದಾಬಾ, ಗುರುವಾರ ಬಿಟ್ಟು ಇವತ್ತು ಬಂದಿರಿ? ಕುಂಕುಮ ತರಲಿಲ್ಲವೇ?”

ಅಮ್ಮ ಮೊಮ್ಮಗಳ ಕೈಯನ್ನು ಹಿಡಿದು ಕಲ್ಲಿನ ಮೇಲಿಟ್ಟಳು. “ನಮಸ್ಕಾರ ಮಾಡು ಮಗಾ. ನಿನ್ನ ಅಪ್ಪ ದೇವಸ್ಥಾನಕ್ಕೆ ಕೊಟ್ಟದ್ದು.”