ದೀಪ ಹತ್ತಿದೆ, ಕಾಣ್ಸಲ್ವಾ?

"ಹಾಡು ಹಾಕಿ ಕೇಳಿ ಮೇಡಂ," ಅಂಗಡಿಯವನು ಮತ್ತೆ ಹೇಳಿದ. "ಹಾಡಿಲ್ಲದೆ ಏನು ಗೊತ್ತಾಗುತ್ತೆ?"

ಅವಳು ದಪ್ಪ ಮೆತ್ತೆಯ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಆಂಪ್ಲಿಫೈಯರಿನ ದನಿ ಏರಿಸುವ ತಿರುಪನ್ನು ಕೊನೆಯವರೆಗೂ ತಿರುಗಿಸಿದಳು. ಒಳಗೆ ತೆಳ್ಳಗೆ ಗುಂಯ್ ಅನ್ನುವ ಸದ್ದು. ಪಕ್ಕದ ಮನೆಯ ಫ್ರಿಜ್ ಓಡುತ್ತಿರುವ ಹಾಗೆ.

"ಇದು ಬೇಡ."

"ಅಷ್ಟು ಎಲ್ಲದರಲ್ಲೂ ಇರುತ್ತೆ ಮೇಡಂ. ಹಾಡು ಶುರುವಾದ್ರೆ ಕೇಳ್ಸೋದೇ ಇಲ್ಲ."

"ನಂಗೆ ಕೇಳ್ಸುತ್ತೆ."

ನೀರು ಸರಬರಾಜು ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸ ಅವಳದು. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್, ಅದರೊಳಗೆ ಊರಿನವರ ಬೈಗುಳ. ಒಬ್ಬರು ಬೈದು ಮುಗಿಸಿ ಇನ್ನೊಬ್ಬರು ಶುರು ಮಾಡುವ ನಡುವೆ ಲೈನು ಗುಂಯ್‌ಗುಡುವುದನ್ನು ಕೇಳಿ ಕೇಳಿ ಅವಳ ಕಿವಿ ಹರಿತವಾಗಿತ್ತು.

"ನಮ್ಮೋಳಿಗೆ ಇದೆಲ್ಲ ಹೊಸದು," ಪಕ್ಕದಲ್ಲಿದ್ದ ಗಂಡ ಅಂಗಡಿಯವನಿಗೆ ಸಮಾಧಾನ ಹೇಳಿದ. "ನಂದು ವಾಲ್ವ್ ಆಂಪ್ಲಿಫೈಯರ್. ಆ ಗಾಜಿನ ಬುಡ್ಡಿ ಇದ್ಯಲ್ಲ, ಅದು ಕೆಂಪಗೆ ಕಾದಾಗ ದನಿಗೆ ಒಂದು ಮೈ ಬರುತ್ತೆ ನೋಡಿ. ಟ್ರಾನ್ಸಿಸ್ಟರ್‌ದು ಸಪ್ಪೆ. ಯಾಕೆ ಅಂದ್ರೆ..."

ಯಾಕೆ ಎನ್ನುವುದು ಮುಗಿಯುವಷ್ಟರಲ್ಲಿ ಅಂಗಡಿಯವನು ಇನ್ನೊಬ್ಬ ಗಿರಾಕಿಗೆ ಸ್ಪೀಕರ್ ಮಾರಿ ಕಳಿಸಿ ವಾಪಸು ಬಂದಿದ್ದ.

"ನಂಗೆ ಸಪ್ಪೇನೇ ಸಾಕು," ಎಂದಳು. "ವಾಲ್ವ್ ಕಾಯೋ ತನಕ ಸುಮ್ನೆ ಕೂತಿರ್ಬೇಕು. ಅಷ್ಟರಲ್ಲಿ ಮನೇಲಿ ಶುರುವಾಗಿಬಿಡುತ್ತೆ. ಸ್ವಿಚ್ ಹಾಕಿದ ತಕ್ಷಣ ಕೆಲಸ ಮಾಡೋದು ಕೊಡಿ."

"ಏನು ಶುರುವಾಗುತ್ತೆ ಮೇಡಂ?"

"ನಮ್ಮಮ್ಮನ ಬಾಯಿ," ಗಂಡ ನಕ್ಕ. "ಅತ್ತೆ ಸೊಸೆ ಎದುರಾದ್ರೆ ಮನೆ ಸೂರು ಕಿತ್ತುಹೋಗುತ್ತೆ ಸಾರ್. ನಾನು ಪಾಪ, ಆಡ್ತಿದ್ದ ಮಾತು ಅರ್ಧಕ್ಕೇ ಬಿಟ್ಟು ರೂಮಿಗೆ ಹೋಗಿ ಬಾಗಿಲು ಹಾಕ್ಕೋತೀನಿ."

ಅವಳು ಅಲ್ಲಗಳೆಯಲಿಲ್ಲ. "ಹೌದು. ನಮ್ಮನೇಲಿ ಒಬ್ಬರ ಬಾಯಿ ಮುಚ್ಚೋದೇ ಇಲ್ಲ."

ಗಂಡನ ಆಂಪ್ಲಿಫೈಯರಿನ ಮುಂದೆ ಒಂದು ಕೆಂಪು ದೀಪವಿತ್ತು. ಅದು ಹತ್ತಿದ್ದಾಗ ಮನೆಯಲ್ಲಿ ಯಾರೂ ಮಾತಾಡಬಾರದು, ಮಿಕ್ಸಿ ತಿರುಗಬಾರದು, ಪಾತ್ರೆ ಸದ್ದಾಗಬಾರದು. ಮದುವೆಯ ಹೊಸದರಲ್ಲೇ ಅವನು ಮಾಡಿದ ಕಾನೂನು. ಮರೆತು ಬಾಯಿ ತೆರೆದರೆ ಒಂದೇ ಮಾತು: "ದೀಪ ಹತ್ತಿದೆ, ಕಾಣ್ಸಲ್ವಾ?"

ಅವಳು ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತು ನೋಡಿದ್ದಳು. ಅದು ಕಾನೂನಿನೊಳಗೆ ಬರುವುದಿಲ್ಲವಂತೆ. "ಅದು ಕೇಳೋದಲ್ಲ ಕಣೇ, ಟೈಂಪಾಸು," ಎಂದು ಅವನು ಕಿವಿಯಿಂದ ಎಳೆದೇಬಿಟ್ಟಿದ್ದ. "ಆಂಪ್ಲಿಫೈಯರ್ ಇಟ್ಕೊಂಡು ಕೂತ್ರೆ ಅದು ಕೇಳೋದು. ಆಗ ನಿನ್ನನ್ನೂ ಯಾರೂ ಮಾತಾಡ್ಸಲ್ಲ, ಬೇಕಾದ್ರೆ ನೋಡು."

ಆ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬೇಕಾಗಿದ್ದುದು ಸಂಜೆಯ ಒಂದೇ ಒಂದು ಗಂಟೆ. ಹಗಲೆಲ್ಲ ಊರಿಗೆ ಒತ್ತೆ ಇಟ್ಟ ಕಿವಿಯನ್ನು ಬಿಡಿಸಿಕೊಂಡು ತನ್ನ ಹತ್ತಿರವೇ ಇಟ್ಟುಕೊಳ್ಳುವ ಗಂಟೆ. ಅದಕ್ಕೆ ಯಾರೂ ಕೈಹಾಕಬಾರದು.

ಹೊರಡುವಾಗ ಅತ್ತೆ ಬಾಗಿಲವರೆಗೂ ಬಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದರು. "ಹೋಗಮ್ಮಾ ಹೋಗು, ಕಿವಿ ಮುಚ್ಕೊಳ್ಳೋ ಡಬ್ಬ ತಂದ್ಕೋ! ತರೋದು ತರ್ತೀಯ, ಸರಿಯಾದ್ದೇ ನೋಡಿ ತಾ!"

ಗಂಡ ತಲೆ ಚಚ್ಚಿಕೊಂಡಿದ್ದ.

ಅಂಗಡಿಯವನು ಕೊನೆಗೆ ಒಂದು ಕಪ್ಪು ಡಬ್ಬ ತಂದಿಟ್ಟ. ಅವಳು ಅದರ ಸ್ವಿಚ್ ಒತ್ತಿದಳು. ಹಸಿರು ದೀಪ ತಟ್ಟನೆ ಹತ್ತಿತು. ತಿರುಪನ್ನು ಕೊನೆಯವರೆಗೂ ತಿರುಗಿಸಿದಳು. ಗುಂಯ್ ಇಲ್ಲ, ಸುಯ್ ಇಲ್ಲ. ತನ್ನದೇ ಉಸಿರು ಮಾತ್ರ. ಎದುರಿಗೆ ಗಂಡ ಕೈ ಆಡಿಸುತ್ತ ಅಂಗಡಿಯವನಿಗೆ ಏನನ್ನೋ ವಿವರಿಸುತ್ತಿದ್ದ, ಮೂಕಿ ಚಿತ್ರದ ಹಾಗೆ. ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಹಾಗೆ ಕೂತಿದ್ದಳು.

"ಹೆಡ್‌ಫೋನ್ ಸಿಕ್ಕಿಸೋ ತೂತು ಎರಡಿದೆಯಲ್ಲ, ಎರಡೂ ಒಟ್ಟಿಗೆ ಕೆಲಸ ಮಾಡುತ್ತಾ?"

"ಓಹೋ! ಸಾರೂ ನೀವೂ ಜೋಡಿಯಾಗಿ ಕೇಳಬಹುದು."

"ಸಪ್ಪೆ ಊಟ ನಂಗಲ್ಲಪ್ಪ," ಎಂದ ಗಂಡ. "ಲೇ, ಸ್ವಲ್ಪ ನನ್ನ ಮಾತು ಕೇಳೇ."

"ಇಷ್ಟು ವರ್ಷ ಕೇಳಿದೀನಲ್ಲ." ಅವಳು ತನ್ನ ಕಾರ್ಡು ಮುಂದೆ ಚಾಚಿದಳು. "ಇದೇ ಕೊಡಿ. ಹೆಡ್‌ಫೋನೂ ಇದೇ ಇರ್ಲಿ."

"ಮೊಬೈಲಿಂದ ಹಾಡು ತಗೊಳ್ಳೋಕೆ ವಯರು?"

"ಅದು ಬೇಡ."

ದಾರಿಯುದ್ದಕ್ಕೂ ಅವನು ವಾಲ್ವಿನ ಗುಣಗಾನ ಮಾಡಿದ. ಮನೆ ಮುಟ್ಟಿದಾಗ ಇನ್ನೂ ಪೀಠಿಕೆಯಲ್ಲೇ ಇದ್ದ. ಅವಳು ನಡುಮನೆಯ ಮೂಲೆಯ ಮೇಜಿನ ಮೇಲೆ ಡಬ್ಬವನ್ನಿಟ್ಟಳು.

"ಕೊಡು ಇಲ್ಲಿ, ನಾನು ಜೋಡಿಸ್ತೀನಿ. ನಿಂಗೆಲ್ಲಿ ಗೊತ್ತಾಗುತ್ತೆ?"

"ನಂದು ನಾನೇ ಜೋಡಿಸ್ಕೋತೀನಿ ರೀ."

ಹಸಿರು ದೀಪ ಹತ್ತಿತು. ಅವಳು ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಒರಗಿ ಕೂತಳು. ಅವನೂ ಎದುರಿಗೇ ಕೂತ.

"ನೋಡು, ಕೂರೋದೇ ತಪ್ಪು ನೀನು. ಹಾಗೆ ಒರಗಿದ್ರೆ ಏನಾಗುತ್ತೆ ಅಂದ್ರೆ..."

"ಲೋ!" ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ ಬಂತು. "ದೀಪ ಹತ್ತಿದೆ, ಕಾಣ್ಸಲ್ವಾ?"

ಗಂಡನ ತೆರೆದ ಬಾಯಿ ತೆರೆದ ಹಾಗೇ ನಿಂತಿತು. ತಾನೇ ಮಾಡಿದ ಕಾನೂನು. ಅವನು ಹಸಿರು ದೀಪದ ಕಡೆ ನೋಡಿ, ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ.

ಅತ್ತೆ ಸೆರಗಿನ ಮರೆಯಿಂದ, ಮೊದಲೇ ತರಿಸಿಟ್ಟಿದ್ದ ಹೊಚ್ಚಹೊಸ ಹೆಡ್‌ಫೋನ್ ಹೊರತೆಗೆದರು. ಎರಡನೆಯ ತೂತಿಗೆ ಸಿಕ್ಕಿಸಿ, ಸೊಸೆಯ ಪಕ್ಕ ಕೂತು, ಅವಳ ಒಂದು ಕಿವಿಯ ಮೆತ್ತೆ ಎತ್ತಿ ಪಿಸುಗುಟ್ಟಿದರು. "ಸದ್ಯ ಕಣೇ. ಅವನನ್ನ ಇಲ್ಲಿಂದ ಎಬ್ಬಿಸೋಕೆ ದಿನಾ ನಿನ್ನ ಜೊತೆ ಸುಳ್ಳು ಜಗಳ ಆಡಿ ಆಡಿ ಗಂಟಲೇ ಬಿದ್ದುಹೋಗಿತ್ತು."

ಸೊಸೆ ನಕ್ಕು ಮೆತ್ತೆಯನ್ನು ಮತ್ತೆ ಕಿವಿಗೆ ಎಳೆದುಕೊಂಡಳು. ಇಬ್ಬರೂ ಕಣ್ಣು ಮುಚ್ಚಿದರು.

ಡಬ್ಬದ ಹಿಂದೆ, ಹಾಡು ಬರಬೇಕಾದ ತೂತಿಗೆ, ಯಾವ ವಯರೂ ಸಿಕ್ಕಿಸಿರಲಿಲ್ಲ.